ಉಳಿದ ಒಂದು ಕಡತ

ಜುಲೈ 6, 2025, ಭಾನುವಾರ. ನಾರ್ವೆ

ಇವತ್ತು ಪ್ರಥಮ ಏಕಾದಶಿ. ಮೂರು ದಿನದಿಂದ ಮಳೆ ಹನಿ ಕಡಿದಿಲ್ಲ. ಅಡುಗೆಮನೆ ಅಟ್ಟದ ಮೂಲೆಯಲ್ಲಿ ಹಂಚು ಸರಿದು ನೀರಿಳೀತಿದೆ ಎಂದು ಇವಳು ಹೇಳಿದ್ದರಿಂದ ಏಣಿ ಹಾಕಿ ಹತ್ತಿದೆ. ಹಂಚು ಸರಿಮಾಡಿ, ಒದ್ದೆಯಾಗಿದ್ದ ಸಾಮಾನುಗಳನ್ನು ಒಂದೊಂದಾಗಿ ಕೆಳಗಿಳಿಸುವಾಗ ಹಳೆಯ ಉಪ್ಪಿನಕಾಯಿ ಭರಣಿಯ ಅಡಿಯಲ್ಲಿ ಹಲಗೆಯಂಥದ್ದು ಕೈಗೆ ಸಿಕ್ಕಿತು. ಭರಣಿ ಅಲುಗದಿರಲಿ ಎಂದು ಯಾರೋ ಅಡಿಗೆ ಕೊಟ್ಟದ್ದು. ಹಲಗೆ ಒಂದಲ್ಲ, ಎರಡು. ನಡುವೆ ಮಸಿಗಪ್ಪಿನ ಬಟ್ಟೆ, ಮಡಿಕೆ ಮೇಲೆ ಮಡಿಕೆ.

ಏಣಿಯ ಮೇಲೇ ನಿಂತುಬಿಟ್ಟೆ. ಅದು ಏನೆಂದು ನನಗೆ ಗೊತ್ತಿತ್ತು. ಇಂಥವನ್ನು ನಾನು ನನ್ನ ಕೈಯಾರೆ ಸುಟ್ಟಿದ್ದೇನೆ.

1978ರ ಬೇಸಿಗೆ. ಅಕ್ಕನ ಮದುವೆಗೆ ಮನೆಗೆ ಸುಣ್ಣ ಹೊಡೆಸುವ ಗಡಿಬಿಡಿ. ನನಗೆ ಆಗ ಇಪ್ಪತ್ತನಾಲ್ಕು, ಬಿ.ಎ. ಮುಗಿಸಿ ಕೆಲಸಕ್ಕೆ ಕಾದು ಕೂತವನು. ಅಟ್ಟ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮುತ್ತಜ್ಜ ಶಾನುಭೋಗಿಕೆ ಮಾಡುತ್ತಿದ್ದ ಕಾಲದ ಒಂದು ಬುಟ್ಟಿ ತುಂಬ ಈ ಕಪ್ಪು ಮಡಿಕೆಗಳಿದ್ದವು. ಮುಟ್ಟಿದರೆ ಕೈಯೆಲ್ಲ ಮಸಿ. ಮೂರು ದಿನ ಬಚ್ಚಲ ಒಲೆಗೆ ಹಾಕಿದೆ. ಇದ್ದಿಲು ಮೆತ್ತಿದ ಬಟ್ಟೆ, ಚೆನ್ನಾಗಿ ಉರಿಯಿತು. ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನ ಮಕ್ಕಳಿಗೆ ಇತಿಹಾಸ ಪಾಠ ಮಾಡಿದೆ. ಆಧಾರಗಳು ಎಂಬ ಪಾಠ ಬಂದಾಗಲೆಲ್ಲ ಶಾಸನ, ತಾಮ್ರಪಟ, ಕಡತ ಎಂದು ಬೋರ್ಡಿನ ಮೇಲೆ ಬರೆಯುವಾಗ ಮೂರನೆಯ ಪದಕ್ಕೆ ಬಂದಾಗ ಕೈ ಒಂದು ಕ್ಷಣ ತಡೆಯುತ್ತಿತ್ತು.

ಒಂದು ಉಳಿದಿದೆ.

ಜುಲೈ 7, ಸೋಮವಾರ

ಬೆಳಿಗ್ಗೆ ಇವಳು ಒದ್ದೆ ಬಟ್ಟೆ ಹಿಡಿದು ಒರೆಸಲು ಬಂದಳು. ಕೈ ಹಿಡಿದು ತಡೆದೆ. ಕಡತದ ಅಕ್ಷರ ಮಸಿಯಲ್ಲಿ ಬರೆದದ್ದಲ್ಲ, ಬಳಪದ ಕಲ್ಲಿನಲ್ಲಿ ಬರೆದದ್ದು. ಒದ್ದೆ ಕೈ ತಾಗಿದರೆ ಅಷ್ಟೂ ಹೋಯಿತು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು ಒಣಗಿಸಿ, ಬೀಸಣಿಗೆಯ ಹಾಗೆ ಹಿಂದೆ ಮುಂದೆ ಮಡಚಿ, ಎರಡು ತುದಿಗೂ ಮರದ ರಟ್ಟು ಕಟ್ಟಿದರೆ ಕಡತ. ಬೇಡವಾದಾಗ ಅಳಿಸಿ, ಮತ್ತೆ ಮಸಿ ಬಳಿದು ಹೊಸದಾಗಿ ಬರೆಯಬಹುದು. ಇಷ್ಟು ಸುಲಭವಾಗಿ ಅಳಿಯುವ ವಸ್ತುವಿನ ಮೇಲೆ ನಮ್ಮ ಸೀಮೆಯ ಅರಸರು, ಮಠಗಳು, ಶಾನುಭೋಗರು ಶತಮಾನಗಟ್ಟಲೆ ಲೆಕ್ಕಪತ್ರ ಇಟ್ಟರು. ಈಗಿನ ಆಫೀಸುಗಳಲ್ಲಿ ಫೈಲಿಗೆ ಕಡತ ಎನ್ನುತ್ತಾರಲ್ಲ, ಆ ಮಾತು ಬಂದದ್ದು ಇಲ್ಲಿಂದಲೇ. ಕಡತ ವಿಲೇವಾರಿ ಎಂದು ದಿನಾ ಬರೆಯುವ ಗುಮಾಸ್ತರಲ್ಲಿ ಎಷ್ಟು ಜನ ಒಂದು ನಿಜವಾದ ಕಡತವನ್ನು ಕಣ್ಣಲ್ಲಿ ಕಂಡಿದ್ದಾರೋ.

ಒಣ ಬಣ್ಣದ ಕುಂಚದಿಂದ ಹಲಗೆಯ ಮೇಲಿನ ಧೂಳು ಮಾತ್ರ ತೆಗೆದೆ. ಬಟ್ಟೆಗೆ ಗೆದ್ದಲು ಮುಟ್ಟಿಲ್ಲ, ಬೂಸಲು ಹಿಡಿದಿಲ್ಲ. ಅಡುಗೆ ಒಲೆಯ ಹೊಗೆ ತೊಂಬತ್ತು, ನೂರು ವರ್ಷ ಇದನ್ನು ಕಾದಿದೆ. ಗ್ಯಾಸ್ ಬಂದ ಮೇಲೆ ಅಟ್ಟಕ್ಕೆ ಹೊಗೆ ಹೋಗುವುದು ಕಡಿಮೆ. ಸಿಕ್ಕಿದ್ದು ಒಳ್ಳೆಯದೇ ಆಯಿತು. ಬಜೆಬೇರು ಪುಡಿ ಮಾಡಿ ಬಟ್ಟೆಯ ಗಂಟು ಕಟ್ಟಿ ಪೆಟ್ಟಿಗೆಯಲ್ಲಿ ಜೊತೆಗಿಟ್ಟಿದ್ದೇನೆ.

ಜುಲೈ 10, ಗುರುವಾರ

ವ್ಯಾಸಪೂರ್ಣಿಮೆ. ಶೃಂಗೇರಿಗೆ ಹೋಗಿಬಂದೆ. ಕೊಪ್ಪದಲ್ಲಿ ಬಸ್ಸು ಬದಲಿಸಿ, ಹರಿಹರಪುರದಲ್ಲಿ ತುಂಗೆಯ ನೀರು ಕೆಂಪಗೆ ತುಂಬಿ ಹರಿಯುವುದನ್ನು ಕಿಟಕಿಯಿಂದ ನೋಡುತ್ತ ಹೋದೆ. ದರ್ಶನ ಮುಗಿಸಿ ವಿದ್ಯಾಶಂಕರ ದೇವಸ್ಥಾನದ ಜಗಲಿಯ ಅಂಚಿಗೆ ಛತ್ರಿ ಊರಿಕೊಂಡು ಒಂದು ಗಂಟೆ ನಿಂತಿದ್ದೆ. ಮನಸ್ಸಿನ ತುಂಬ ಇದ್ದದ್ದು ಕಾಗದಗಳು.

ನಮ್ಮ ಮನೆಯಿಂದ ಇಷ್ಟು ಹತ್ತಿರದಲ್ಲಿ ಕರ್ನಾಟಕದ ಬಹುದೊಡ್ಡ ರಾಜಕೀಯ ಪತ್ರಸಂಗ್ರಹಗಳಲ್ಲಿ ಒಂದಿದೆ ಎಂಬುದು ನಮ್ಮೂರಿನ ಎಷ್ಟು ಜನರಿಗೆ ಗೊತ್ತು? ಕೆಳದಿಯ ನಾಯಕರು ಬರೆದದ್ದು, ಹೈದರಲಿ ಬರೆದದ್ದು, ಪುಣೆಯ ಪೇಶ್ವೆಗಳೊಂದಿಗಿನ ವ್ಯವಹಾರ, ಆಮೇಲೆ ಮೈಸೂರು ಒಡೆಯರದ್ದು. ಗುರುವಿಗೆ ಬರೆದ ಭಕ್ತಿಯ ಮಾತುಗಳ ನಡುವೆ ದಂಡು, ಸುಂಕ, ಉಂಬಳಿ, ಗಡಿ, ದವಸದ ಮಾತು. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು, ಕರ್ನಾಟಕ ಕವಿಚರಿತೆಯನ್ನು ಬರೆದವರೇ, ಇಲ್ಲಿಗೆ ಬಂದು ಹುಡುಕಿದಾಗ ಟಿಪ್ಪು ಸುಲ್ತಾನ ಮಠಕ್ಕೆ ಬರೆಸಿದ ಸುಮಾರು 30 ಪತ್ರಗಳು ಹೊರಗೆ ಬಂದವು. ಎಲ್ಲವೂ ಕನ್ನಡದಲ್ಲಿ. ದರ್ಬಾರಿನ ಭಾಷೆ ಪಾರ್ಸಿ, ಆದರೆ ಶೃಂಗೇರಿಗೆ ಬರೆಯುವಾಗ ಕನ್ನಡ. ಅಷ್ಟಕ್ಕೇ ಆ ಪತ್ರಗಳ ಮೇಲೆ ನನಗೆ ಒಂದು ಮಮತೆ.

1791ರಲ್ಲಿ ಮೂರನೇ ಮೈಸೂರು ಯುದ್ಧ ನಡೆದಿತ್ತು. ಕಾರ್ನ್‌ವಾಲಿಸ್, ನಿಜಾಮ, ಮರಾಠರು ಒಂದಾಗಿ ಶ್ರೀರಂಗಪಟ್ಟಣದ ಮೇಲೆ ಬರುತ್ತಿದ್ದರು. ಪರಶುರಾಮ ಭಾವೂ ದಂಡಿನ ಕಡೆಯ ರಘುನಾಥರಾವ್ ಪಟವರ್ಧನನ ಕುದುರೆ ದಳ ಶೃಂಗೇರಿಗೆ ನುಗ್ಗಿತು. ಜನ ಸತ್ತರು, ಮಠ ಲೂಟಿಯಾಯಿತು, ಶಾರದೆಯ ಮೂರ್ತಿಯನ್ನು ಪೀಠದಿಂದ ಕದಲಿಸಿದರು. ಆಗ ಪೀಠದಲ್ಲಿದ್ದ ಮೂರನೆಯ ಸಚ್ಚಿದಾನಂದ ಭಾರತಿಗಳು ಘಟ್ಟ ಇಳಿದು ಕಾರ್ಕಳ ಸೇರಿದರು. ಅಲ್ಲಿಂದ ಸುಲ್ತಾನನಿಗೆ ಬರೆದರು. ಸುಲ್ತಾನ ಮರುತ್ತರ ಕಳಿಸಿದ. ಪುಣ್ಯಸ್ಥಳಕ್ಕೆ ದ್ರೋಹ ಮಾಡಿದವರು ಅದರ ಫಲ ಉಣ್ಣುತ್ತಾರೆ ಎಂದು ಸಂತಾಪ ಹೇಳಿ, ಅಮ್ಮನವರ ಪುನಃಪ್ರತಿಷ್ಠೆಗೆ 200 ರಹತಿ ನಗದು, 200 ರಹತಿ ಬೆಲೆಯ ದವಸ ಕೊಡಿಸುವಂತೆ ನಗರ ಪ್ರಾಂತದ ಅಧಿಕಾರಿ ಆಸಫನಿಗೆ ಅಪ್ಪಣೆ ಮಾಡಿದ. ರಾಜ್ಯದ ಕ್ಷೇಮಕ್ಕೆ ಚಂಡೀಜಪ ಮಾಡಿಸುವಂತೆ ಕೇಳಿಕೊಂಡ.

ಈಗ ಈ ಪತ್ರಗಳನ್ನು ಹಿಡಿದು ಜಗಳವಾಡುವವರು ಎರಡು ಕಡೆಯೂ ಇದ್ದಾರೆ. ಒಬ್ಬರಿಗೆ ಇದೊಂದೇ ಸಾಕ್ಷಿ ಸಾಕು, ಇನ್ನೊಬ್ಬರಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ಕೊಡಗು, ಮಲಬಾರುಗಳಲ್ಲಿ ನಡೆದದ್ದನ್ನು ಶೃಂಗೇರಿಯ ಪತ್ರ ಅಳಿಸುವುದಿಲ್ಲ. ಅಲ್ಲಿ ನಡೆದದ್ದರಿಂದ ಇಲ್ಲಿಯ ಪತ್ರವೂ ಅಳಿಯುವುದಿಲ್ಲ. ಮೂವತ್ತು ಪತ್ರಗಳನ್ನೂ ಮೊದಲಿಂದ ಕೊನೆಯವರೆಗೆ, ಯಾವ ತಿಂಗಳಲ್ಲಿ ಯಾವ ದಂಡು ಎಲ್ಲಿತ್ತು ಎಂದು ಪಕ್ಕದಲ್ಲಿ ಇಟ್ಟುಕೊಂಡು ಓದುವ ತಾಳ್ಮೆ ಬೇಕು. ಎ.ಕೆ. ಶಾಸ್ತ್ರಿಯವರು ಹಾಗೆ ಮಾಡಿದರು. 1982ರಲ್ಲಿ ಶೃಂಗೇರಿಯ ಇತಿಹಾಸ, 2009ರಲ್ಲಿ ಮಠದ ದಾಖಲೆಗಳ ದೊಡ್ಡ ಸಂಪುಟ. ಒಬ್ಬ ಮನುಷ್ಯನ ಜೀವಮಾನದ ದುಡಿಮೆ ಅದು.

ಮಳೆಯಲ್ಲಿ ನಿಂತು ಹೊಳೆದ ಒಂದು ಸಂಗತಿ ಬರೆದಿಡಬೇಕು. ನಾವು ಓದುವುದು ಸುಲ್ತಾನನ ಪತ್ರಗಳನ್ನು. ಕಾರ್ಕಳದಲ್ಲಿ ಕೂತು ಸ್ವಾಮಿಗಳು ಬರೆಸಿದ ಆ ಮೊದಲ ಪತ್ರ ಹೋದದ್ದು ಶ್ರೀರಂಗಪಟ್ಟಣಕ್ಕೆ. 1799ರ ಮೇ 4ರಂದು ಕೋಟೆ ಬಿತ್ತು. ಅರಮನೆಯ ಕಾಗದಪತ್ರ, ಪುಸ್ತಕಗಳು ಕಂಪನಿಯವರ ಕೈಸೇರಿ ದಿಕ್ಕು ದಿಕ್ಕಿಗೆ ಹೋದವು. ಸ್ವಾಮಿಗಳು ಏನು ಬರೆದಿದ್ದರು ಎಂಬುದು ನಮಗೆ ತಿಳಿಯುವುದು ಸುಲ್ತಾನನ ಉತ್ತರದಿಂದ. ಫೋನಿನಲ್ಲಿ ಮಾತಾಡುವವರ ಒಂದು ಕಡೆಯ ಮಾತು ಕೇಳಿ ಇನ್ನೊಂದು ಕಡೆಯದನ್ನು ಊಹಿಸಿದ ಹಾಗೆ.

ಮನೆಗೆ ಬರುವಾಗ ಏಳೂವರೆ. ಮೈಯೆಲ್ಲ ನೆನೆದು ಹೋಗಿತ್ತು. ಕಷಾಯ ಕುಡಿದು ಇದಿಷ್ಟು ಬರೆದೆ.

ಜುಲೈ 13, ಭಾನುವಾರ

ಸಂಜೆ ಅಕ್ಕನ ಮಗಳು ವರ್ಜೀನಿಯಾದಿಂದ ಫೋನ್ ಮಾಡಿದ್ದಳು. ಅಲ್ಲಿ ಬೆಳಗಿನ ಹೊತ್ತು. ಕಡತದ ಫೋಟೋ ಕಳಿಸಿದ್ದೆನಲ್ಲ, ಅದರದ್ದೇ ಮಾತು.

"ಮಾವ, ಇದನ್ನ ಬರಿಗೈಲಿ ಬಿಡಿಸಬೇಡಿ ಆಯ್ತಾ. ಒಂದೊಂದು ಮಡಿಕೆ ಬಿಡಿಸೋಕೆ ಮೊದಲೇ ಫೋಟೋ ತೆಗೀರಿ."

"ಅಷ್ಟು ಬುದ್ಧಿ ಈಗ ಬಂದಿದೆ ಪುಟ್ಟಿ," ಎಂದೆ. 1978ರ ಕಥೆ ಅವಳಿಗೆ ಗೊತ್ತು, ಅವಳ ಅಮ್ಮನ ಮದುವೆಯ ಕಥೆಯ ಜೊತೆಗೇ ಬಂದದ್ದು.

ಅವಳು ಹೋದ ತಿಂಗಳು ವಾಷಿಂಗ್‌ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಹೋಗಿ ಓದುಗರ ಕಾರ್ಡ್ ಮಾಡಿಸಿಕೊಂಡಳಂತೆ. ಹದಿನಾರು ದಾಟಿದ ಯಾರಿಗಾದರೂ, ಯಾವ ದೇಶದವರಿಗಾದರೂ ಕೊಡುತ್ತಾರೆ. ಜಾರ್ಜ್ ವಾಷಿಂಗ್‌ಟನ್ನನ ಕಾಗದಗಳೇ ಅಲ್ಲಿ 77,000 ಇವೆ. ಅವಳು ಹೇಳುತ್ತ ಹೋದಂತೆ ನಾನು ಬರೆದುಕೊಂಡೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಥಾಮಸ್ ಜೆಫರ್ಸನ್ನನ ಪದ್ಧತಿ.

ಆತ ತನ್ನ ಆಯುಷ್ಯದಲ್ಲಿ ಬರೆದ ಪತ್ರಗಳು ಸುಮಾರು 19,000. ಬರೆದದ್ದಷ್ಟೇ ಅಲ್ಲ, ಪ್ರತಿ ಇಟ್ಟುಕೊಂಡ. 1780ರಲ್ಲಿ ಜೇಮ್ಸ್ ವಾಟ್, ಅದೇ ಉಗಿಯಂತ್ರದ ವಾಟ್, ಪತ್ರದ ನಕಲು ತೆಗೆಯುವ ಒಂದು ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಹಸಿ ಮಸಿಯ ಪತ್ರದ ಮೇಲೆ ತೇವ ಮಾಡಿದ ತೆಳು ಕಾಗದ ಇಟ್ಟು ಒತ್ತಿದರೆ ಅಕ್ಷರ ತಿರುವುಮುರುವಾಗಿ ಇಳಿಯುತ್ತದೆ. ಕಾಗದ ತೆಳುವಾದ್ದರಿಂದ ಹಿಂಬದಿಯಿಂದ ನೋಡಿದರೆ ನೇರವಾಗಿ ಓದಬಹುದು. ಜೆಫರ್ಸನ್ ಅದನ್ನು ಬಳಸಿದ. 1804ರಿಂದ ಪಾಲಿಗ್ರಾಫ್ ಎಂಬ ಮತ್ತೊಂದು ಯಂತ್ರ ಬಳಸಿದ. ಅದರಲ್ಲಿ ಎರಡು ಲೇಖನಿ ಜೋಡಿಸಿರುತ್ತದೆ. ಒಂದರಲ್ಲಿ ಬರೆದರೆ ಇನ್ನೊಂದು ಪಕ್ಕದ ಹಾಳೆಯ ಮೇಲೆ ಅದನ್ನೇ ಬರೆಯುತ್ತದೆ. ಇದೂ ಸಾಲದೆಂದು 1783ರ ನವೆಂಬರಿನಿಂದ 1826ರಲ್ಲಿ ಸಾಯುವ ವರ್ಷದವರೆಗೆ, ಬಂದ ಪತ್ರ ಹೋದ ಪತ್ರ ಎರಡನ್ನೂ ತಾರೀಖುವಾರು ಗುರುತು ಹಾಕಿದ ಪಟ್ಟಿ. ಅದೇ 650 ಪುಟ ಮೀರುತ್ತದೆ. ಆದ್ದರಿಂದ ಒಂದು ಪತ್ರ ಕಳೆದುಹೋಗಿದ್ದರೂ, ಅದು ಇತ್ತು, ಇಂಥ ದಿನ ಇಂಥವರಿಗೆ ಹೋಯಿತು ಎಂಬುದು ಗೊತ್ತಾಗುತ್ತದೆ. ಕಳೆದದ್ದರ ಹೆಸರಾದರೂ ಉಳಿಯುತ್ತದೆ.

ಅವನ್ನೆಲ್ಲ ಅಚ್ಚು ಹಾಕುವ ಕೆಲಸ ಪ್ರಿನ್ಸ್‌ಟನ್ನಿನಲ್ಲಿ ಶುರುವಾಗಿ ಮೊದಲ ಸಂಪುಟ ಬಂದದ್ದು 1950ರಲ್ಲಿ. ಎಪ್ಪತ್ತೈದು ವರ್ಷ ಕಳೆದರೂ ಇನ್ನೂ ಮುಗಿದಿಲ್ಲ. ಯಾರೂ ಅದನ್ನು ಸಾಕು ಎಂದು ನಿಲ್ಲಿಸಿಯೂ ಇಲ್ಲ. 2013ರಿಂದ ವಾಷಿಂಗ್‌ಟನ್, ಜೆಫರ್ಸನ್, ಆಡಮ್ಸ್, ಫ್ರಾಂಕ್ಲಿನ್, ಹ್ಯಾಮಿಲ್ಟನ್, ಮ್ಯಾಡಿಸನ್ ಇವರ ಕಾಗದಗಳನ್ನೆಲ್ಲ ಸೇರಿಸಿ, 1,80,000ಕ್ಕೂ ಹೆಚ್ಚು, ಫೌಂಡರ್ಸ್ ಆನ್‌ಲೈನ್ ಎಂಬ ಹೆಸರಲ್ಲಿ ಯಾರು ಬೇಕಾದರೂ ಓದುವಂತೆ ಬಿಟ್ಟಿದ್ದಾರೆ. ಹಣ ಕೊಡಬೇಕಾಗಿಲ್ಲ. ನಾರ್ವೆಯಲ್ಲಿ ಕೂತವನೂ ಓದಬಹುದು, ನೆಟ್‌ವರ್ಕ್ ಇದ್ದಾಗ.

ಹೊಟ್ಟೆಯಲ್ಲಿ ಒಂದು ಸಂಕಟ ಆಯಿತು. ಅಸೂಯೆ ಅಲ್ಲ ಅದು. ನಮ್ಮವರಿಗೂ ನಕಲು ಇಡುವ ಬುದ್ಧಿ ಇರಲಿಲ್ಲವೆಂದಲ್ಲ. ಟಿಪ್ಪುವಿನ ದಫ್ತರದಲ್ಲಿ ಹೊರಗೆ ಹೋದ ಪತ್ರಗಳ ನಕಲಿನ ಪುಸ್ತಕವೇ ಇತ್ತು. ಅದು ಶ್ರೀರಂಗಪಟ್ಟಣದಲ್ಲಿ ಸಿಕ್ಕಿ, ಕರ್ಕ್‌ಪ್ಯಾಟ್ರಿಕ್ ಎಂಬ ಕಂಪನಿ ಅಧಿಕಾರಿ ಅದರಿಂದ ಆರಿಸಿ ಇಂಗ್ಲಿಷಿಗೆ ತಿರುಗಿಸಿ 1811ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಗೆದ್ದವನು ಸೋತವನ ಪತ್ರಗಳನ್ನು ಆರಿಸಿದ್ದು ಅದು. ಯಾವುದನ್ನು ಆರಿಸಿದ, ಯಾವುದನ್ನು ಬಿಟ್ಟ ಎಂಬ ಪ್ರಶ್ನೆ ಪುಟ ಪುಟಕ್ಕೂ ಬರುತ್ತದೆ. ನಮ್ಮ ಮುತ್ತಜ್ಜನ ಬುಟ್ಟಿಯಲ್ಲಿದ್ದದ್ದೂ ನಕಲುಗಳೇ ಇರಬೇಕು. ಕಳಿಸಿದ ಕಾಗದ ಕಳಿಸಿದ ಮೇಲೆ ಕೈಬಿಟ್ಟು ಹೋಗುತ್ತದೆ. ಮನೆಯಲ್ಲಿ ಉಳಿಯುವುದು ಕಡತಕ್ಕೆ ಇಳಿಸಿಕೊಂಡ ಪ್ರತಿ ಮಾತ್ರ.

ಜುಲೈ 15, ಮಂಗಳವಾರ

ಬಿಸಿಲು ಒಂದು ಗಳಿಗೆ ಬಂತು. ತೋಟಕ್ಕೆ ಎರಡನೇ ಮದ್ದು ಹೊಡೆಯುವವರು ಬಂದರು. ಕೊಳೆ ಶುರುವಾಗಿದೆ, ಮೂರ್ನಾಲ್ಕು ಮರದ ಬುಡದಲ್ಲಿ ಹಸಿ ಅಡಿಕೆ ಉದುರಿದೆ. ಸುಣ್ಣ, ಮೈಲುತುತ್ತ ಕರಗಿಸುವುದರಲ್ಲೇ ಹಗಲು ಹೋಯಿತು. ಕಡತ ಮುಟ್ಟಲಿಲ್ಲ.

ಜುಲೈ 17, ಗುರುವಾರ

ಪುಟ್ಟಿ ಒಂದು ಓದುವಂಥದ್ದು ಕಳಿಸಿದ್ದಾಳೆ. ರಾತ್ರಿಯೆಲ್ಲ ಅದೇ ತಲೆಯಲ್ಲಿ.

1800ರ ನವೆಂಬರ್ 8. ಅಮೆರಿಕದ ರಾಜಧಾನಿ ಆಗಷ್ಟೇ ಫಿಲಡೆಲ್ಫಿಯಾದಿಂದ ವಾಷಿಂಗ್‌ಟನ್ನಿಗೆ ಬಂದಿತ್ತು. ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿದ್ದು, ಆ ಹೊಸ ಸರ್ಕಾರದ ಮೊದಲ ವರ್ಷಗಳ ಸೈನ್ಯದ ಪತ್ರಗಳು, ಇಂಡಿಯನ್ ಬುಡಕಟ್ಟುಗಳೊಂದಿಗಿನ ಒಪ್ಪಂದಗಳ ಮಾತುಕತೆ, ಗಾಯಾಳುಗಳ ಪಿಂಚಣಿ ಅರ್ಜಿಗಳು ಎಲ್ಲ ಬೂದಿಯಾದವು. ಶ್ರೀರಂಗಪಟ್ಟಣ ಬಿದ್ದು ಒಂದೂವರೆ ವರ್ಷವಾಗಿತ್ತು ಅಷ್ಟೆ. ಇನ್ನೂರು ವರ್ಷ ಆ ಕಾಲದ ಇತಿಹಾಸ ಬರೆಯುವವರು ಸುಟ್ಟುಹೋಯಿತು, ಇಲ್ಲ ಎಂದು ಬರೆದು ಮುಂದೆ ಹೋಗುತ್ತಿದ್ದರು.

ಆಮೇಲೆ ಯಾರಿಗೋ ಹೊಳೆಯಿತು. ಸುಟ್ಟದ್ದು ಕಚೇರಿಯ ಪ್ರತಿ. ಕಚೇರಿಯಿಂದ ಹೊರಗೆ ಹೋದ ಪತ್ರಗಳು ಯಾರ ಕೈಗೆ ಹೋದವೋ ಅವರ ಮನೆಯಲ್ಲಿ ಇರಬೇಕಲ್ಲ. ಕಚೇರಿಗೆ ಬರೆದವರೂ ಕರಡು ಇಟ್ಟುಕೊಂಡಿರಬೇಕಲ್ಲ. ಅಮೆರಿಕದಾದ್ಯಂತ, ಹೊರದೇಶಗಳಲ್ಲೂ, ಗ್ರಂಥಾಲಯ, ಮನೆತನದ ಸಂಗ್ರಹಗಳನ್ನು ಹುಡುಕಿ, ಸಾವಿರಾರು ಪತ್ರಗಳ ಪ್ರತಿ ಸೇರಿಸಿ ಸುಟ್ಟ ದಫ್ತರವನ್ನು ಮತ್ತೆ ಕಟ್ಟಿದರು. ಪುಟ್ಟಿ ಇರುವ ಊರಿಗೆ ಹತ್ತಿರದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಆ ಕೆಲಸ ನಡೆದಿದೆ. ಕೈಬರಹ ಓದಿ ಅಚ್ಚಿನ ಅಕ್ಷರಕ್ಕೆ ಇಳಿಸುವುದಕ್ಕೆ ಊರವರನ್ನೂ ಸೇರಿಸಿಕೊಂಡಿದ್ದಾರೆ. ನಿವೃತ್ತ ಮೇಷ್ಟ್ರುಗಳು, ಗೃಹಿಣಿಯರು, ವಿದ್ಯಾರ್ಥಿಗಳು, ಯಾರು ಬೇಕಾದರೂ.

ನಲವತ್ತೇಳು ವರ್ಷ ನಾನು ಸುಟ್ಟದ್ದು ಸುಟ್ಟಿತು ಎಂದುಕೊಂಡೇ ಬಂದೆ. ಇನ್ನೊಂದು ತುದಿಯೂ ಇದೆ ಎಂದು ಒಮ್ಮೆಯೂ ಯೋಚಿಸಲಿಲ್ಲ. ಮುತ್ತಜ್ಜ ಬರೆದ ಕಾಗದ ಯಾರದೋ ಮನೆಗೆ ಹೋಗಿರಬೇಕು. ಯಾರದೋ ಪೆಟ್ಟಿಗೆಯಲ್ಲಿ, ಯಾರದೋ ಅಟ್ಟದಲ್ಲಿ.

ಜುಲೈ 24, ಗುರುವಾರ

ಭೀಮನ ಅಮಾವಾಸ್ಯೆ. ಮನೆಯಲ್ಲಿ ಪೂಜೆ. ಮಧ್ಯಾಹ್ನದ ಮೇಲೆ ಕಡತಕ್ಕೆ ಕೂತೆ.

ಹತ್ತು ದಿನದಲ್ಲಿ ಒಂಬತ್ತು ಮಡಿಕೆ ಬಿಡಿಸಿ ಫೋಟೋ ತೆಗೆದಿದ್ದೇನೆ. ಅಕ್ಷರ ಮೋಡಿ. ಕನ್ನಡವೇ, ಆದರೆ ತಲೆಕಟ್ಟು ಬಿಟ್ಟು, ಪದ ಬಿಡಿಸದೆ, ಬಳಪ ಎತ್ತದೆ ಓಡಿಸಿಕೊಂಡು ಹೋದ ಕನ್ನಡ. ಮೊದಲ ಮೂರು ದಿನ ಒಂದು ಸಾಲೂ ಕೂಡಲಿಲ್ಲ. ಅಂಕಿಗಳಿಂದ ಹಿಡಿದೆ. ಅಂಕಿ ತಿಳಿದರೆ ಅದರ ಪಕ್ಕದ ಮಾತು ಖಂಡುಗವೋ ರೂಪಾಯಿಯೋ ಇರಲೇಬೇಕು. ಖಂಡುಗ ಸಿಕ್ಕರೆ ಖ, ಡ, ಗ ಸಿಕ್ಕಿತು. ಹಾಗೆ ಒಂದೊಂದೇ ಅಕ್ಷರವನ್ನು ಈ ಮನೆಯ ಹಳೆಯ ಯಜಮಾನನಿಂದ ಕಲಿಯುತ್ತಿದ್ದೇನೆ. ಅವರು 'ರ' ಬರೆಯುವಾಗ ಕೊನೆಯಲ್ಲಿ ಒಂದು ಕೊಕ್ಕೆ ಎಳೆಯುತ್ತಾರೆ. ಅಪ್ಪಯ್ಯನ ಅಕ್ಷರದಲ್ಲೂ ಆ ಕೊಕ್ಕೆ ಇತ್ತು. ನನ್ನದರಲ್ಲೂ ಇದೆ, ಈಗ ನೋಡಿಕೊಂಡೆ.

ಏಳು ಮಡಿಕೆ ಬರೀ ಲೆಕ್ಕ: ಅಡಿಕೆ, ಭತ್ತ, ಗೇಣಿ. ಎಂಟನೆಯದರಲ್ಲಿ ವಿಜಯ ಸಂವತ್ಸರ, ಶ್ರಾವಣ ಎಂದಿದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ. ಬರೀ ವಿಜಯ ಎಂದರೆ 1833 ಆಗಬಹುದು, 1893 ಆಗಬಹುದು. ಬರೆದ ಕಾಲದಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರು ಬರೆಯುತ್ತಾರೆ? ಮುತ್ತಜ್ಜನ ಕೈಯದ್ದೇ ಆದ್ದರಿಂದ 1893 ಎಂದು ಹಿಡಿದೆ. ಶೃಂಗೇರಿಯ ಪತ್ರಗಳನ್ನು ಓದಿದವರೂ ಇದೇ ಕಷ್ಟ ಪಟ್ಟಿರಬೇಕು. ಟಿಪ್ಪುವಂತೂ ವರ್ಷಗಳಿಗೆ ತನ್ನದೇ ಹೆಸರು, ತನ್ನದೇ ಎಣಿಕೆ ತಂದಿದ್ದ.

ಜುಲೈ 29, ಮಂಗಳವಾರ

ನಾಗರಪಂಚಮಿ. ಅಕ್ಕ ನರಸಿಂಹರಾಜಪುರದಿಂದ ನಿನ್ನೆಯೇ ಬಂದಿದ್ದಾಳೆ. ಬೆಳಿಗ್ಗೆ ಬನಕ್ಕೆ ಹಾಲೆರೆದು ಬಂದೆವು. ಅರಿಶಿನೆಲೆ ಕಡುಬು ತಿನ್ನುತ್ತ ಜಗಲಿಯಲ್ಲಿ ಕೂತಾಗ ಕಡತವನ್ನು ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಕೊಡುವ ಮಾತು ತೆಗೆದೆ.

"ಮನೇದು ಮನೇಲಿರ್ಲಿ ಕಣೋ," ಎಂದಳು. "ವಿಧಾನಸೌಧಕ್ಕೆ ಹೋದ್ರೆ ನಮ್ಮ ಮೊಮ್ಮಕ್ಕಳು ನೋಡೋದು ಯಾವಾಗ?"

"ಮನೇಲಿದ್ದದ್ದನ್ನ ನಾನೇ ಸುಟ್ಟಿದ್ದಲ್ವೇನೆ ಅಕ್ಕ?"

ಅವಳು ಸುಮ್ಮನಾದಳು. ಆಮೇಲೆ, ಇಷ್ಟು ವರ್ಷ ಹೇಳದಿದ್ದ ಒಂದು ಮಾತು ಹೇಳಿದಳು. ಅವಳು ಹತ್ತು ಹನ್ನೆರಡರ ಹುಡುಗಿಯಾಗಿದ್ದಾಗ ಬೇಲಿ ತಕರಾರು, ನೀರಿನ ಪಾಲಿನ ತಕರಾರು ಬಂದರೆ ಸುತ್ತಲಿನ ಜನ ಅಜ್ಜನ ಹತ್ತಿರ ಬರುತ್ತಿದ್ದರಂತೆ. ಅಜ್ಜ ಬುಟ್ಟಿ ಇಳಿಸಿ, ಕಡತ ಬಿಡಿಸಿ, ಗಟ್ಟಿಯಾಗಿ ಓದುತ್ತಿದ್ದರಂತೆ. ಬಂದವರು ತಮ್ಮ ಮನೆಯ ಹಾಳೆ ತಂದು ಜೊತೆಗಿಟ್ಟು ತಾಳೆ ನೋಡುತ್ತಿದ್ದರು. "ಎರಡೂ ಒಂದೇ ಥರ ಇದ್ರೆ ಅಜ್ಜ ಎಲೆ ಅಡಿಕೆ ಕೊಟ್ಟು ಕಳಿಸೋರು. ನಂಗೆ ಆ ಕಪ್ಪು ಬಟ್ಟೆ ಮುಟ್ಟೋಕೆ ಬಿಡ್ತಿರ್ಲಿಲ್ಲ."

ನಾನು ಸುಟ್ಟದ್ದು ಊರಿನ ಜಗಳ ಬಗೆಹರಿಸುತ್ತಿದ್ದ ವಸ್ತುವನ್ನು. ಅದು ನನಗೆ ಗೊತ್ತೇ ಇರಲಿಲ್ಲ. ಅಕ್ಕನಿಗೆ ಗೊತ್ತಿತ್ತು, ಆದರೆ ಮದುವಣಗಿತ್ತಿ ಒಳಮನೆಯಲ್ಲಿದ್ದಳು, ನಾನು ಬಚ್ಚಲಲ್ಲಿದ್ದೆ, ಅವಳನ್ನು ಯಾರೂ ಕೇಳಲಿಲ್ಲ.

ಕೊನೆಗೆ ಅವಳೇ ದಾರಿ ಹೇಳಿದಳು. ಫೋಟೋಗಳೂ ನಾನು ಬಿಡಿಸಿ ಬರೆದ ಓದೂ ಪತ್ರಾಗಾರಕ್ಕೆ ಹೋಗಲಿ. ಕಡತ ನಾನಿರುವವರೆಗೆ ಇಲ್ಲಿರಲಿ, ಆಮೇಲೆ ಅಲ್ಲಿಗೆ. ಇದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಹಾಕಿದೆವು. ಎರಡು ಪ್ರತಿ ಮಾಡಿದೆ. ಒಂದು ಅವಳ ಚೀಲಕ್ಕೆ ಹೋಯಿತು.

ಆಗಸ್ಟ್ 3, ಭಾನುವಾರ

ಅಕ್ಕ ಹೇಳಿದ ಮನೆಗಳಲ್ಲಿ ಮೂರಕ್ಕೆ ಹೋಗಿಬಂದೆ. ಒಂದು ಮನೆ ಈಗ ಬೀಗ, ಮಕ್ಕಳು ಬೆಂಗಳೂರಿನಲ್ಲಿ. ಎರಡನೆಯ ಮನೆಯ ಗೌಡರು ಪೆಟ್ಟಿಗೆ ತೆರೆದು ತೋರಿಸಿದರು: 1974ರ ಭೂಸುಧಾರಣೆಯ ನಂತರದ ಟ್ರಿಬ್ಯೂನಲ್ ಕಾಗದಗಳು, ಅದಕ್ಕಿಂತ ಹಿಂದಿನದು ಇಲ್ಲ. ಆದರೂ ಓದಿದೆ. ಗೇಣಿದಾರರಾಗಿದ್ದ ಅವರ ತಂದೆ ಡಿಕ್ಲರೇಷನ್ ಫಾರ್ಮಿನಲ್ಲಿ ಹಾಕಿದ ಹೆಬ್ಬೆಟ್ಟಿನ ಗುರುತು. "ಮೇಷ್ಟ್ರೇ, ಇದನ್ನೂ ಫೋಟೋ ಹೊಡ್ಕಳಿ, ಇದೂ ಹಳೇದಾಗ್ತದೆ," ಎಂದರು. ತೆಗೆದುಕೊಂಡೆ. ಆ ಹೆಬ್ಬೆಟ್ಟು ಸುಲ್ತಾನನ ಮೊಹರಿಗೆ ಯಾವುದರಲ್ಲಿ ಕಡಿಮೆ? ಒಂದು ಮನೆತನದ ಹಣೆಬರಹವನ್ನೇ ತಿರುಗಿಸಿದ ಗುರುತು ಅದು.

ಮೂರನೆಯ ಮನೆಯ ಅಮ್ಮನವರಿಗೆ ತೊಂಬತ್ತು ದಾಟಿದೆ. ಅವರು ಕೇಳಿದ್ದು ಒಂದೇ: "ನಿಮ್ಮಜ್ಜ ಓದ್ತಿದ್ದ ಆ ಕಪ್ಪು ಪುಸ್ತಕ ಇದ್ಯಾ ಇನ್ನೂ?" ಒಂದಿದೆ ಎಂದೆ. ಉಳಿದದ್ದು ಏನಾಯಿತು ಎಂದೂ ಹೇಳಿದೆ. ಅವರು ನನ್ನ ಮುಖವನ್ನೇ ತುಂಬ ಹೊತ್ತು ನೋಡಿ, ಹಲಸಿನ ಹಪ್ಪಳ ಕರಿದು ತರಲು ಸೊಸೆಗೆ ಹೇಳಿದರು. ಮುಂದಿನ ವಾರ ಅವರ ಅಟ್ಟ ನೋಡಬಹುದಂತೆ, ಮೊಮ್ಮಗ ಬಂದಾಗ.

ಆಗಸ್ಟ್ 10, ಭಾನುವಾರ

ಇವತ್ತಿನ ತಾರೀಖು ನೋಡಿ ನೆನಪಾಯಿತು. 1788ರ ಆಗಸ್ಟ್ 10ರಂದು ಟಿಪ್ಪುವಿನ ಮೂವರು ರಾಯಭಾರಿಗಳು ವರ್ಸೇಲ್ಸಿನ ಅರಮನೆಯಲ್ಲಿ ಹದಿನಾರನೇ ಲೂಯಿಯ ಮುಂದೆ ನಿಂತಿದ್ದರು. ಫ್ರಾನ್ಸಿನ ಸೈನ್ಯದ ನೆರವು ಕೇಳಲು, ಕುಶಲಕರ್ಮಿಗಳನ್ನು ಕರೆತರಲು ಹೋದವರು. ಆಗ ಪ್ಯಾರಿಸ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದವನು ಇದೇ ಜೆಫರ್ಸನ್. ಆ ತಿಂಗಳು ತನ್ನ ದೇಶದ ವಿದೇಶ ವ್ಯವಹಾರ ನೋಡುತ್ತಿದ್ದ ಜಾನ್ ಜೇಗೆ ಬರೆದ ಪತ್ರದಲ್ಲಿ ಟಿಪ್ಪುವಿನ ದೂತರು ಬಂದ ಸುದ್ದಿಯನ್ನೂ ಸೇರಿಸಿದ್ದಾನೆ. ಪುಟ್ಟಿ ಹುಡುಕಿ ಕಳಿಸಿದಳು, ನಾನೇ ಓದಿದೆ. ಮೂರು ವರ್ಷದ ಮೇಲೆ ಶೃಂಗೇರಿಗೆ ಕನ್ನಡದಲ್ಲಿ ಪತ್ರ ಬರೆಸಿದ ಮನುಷ್ಯನ ಹೆಸರು ಜೆಫರ್ಸನ್ನನ ಕೈಬರಹದಲ್ಲಿದೆ. ಅದಕ್ಕೂ ಮೊದಲು, 1782ರ ಏಪ್ರಿಲ್ 8ರಂದು, ಡೆಲಾವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಹಡಗನ್ನು ಹಿಡಿದ ಪೆನ್ಸಿಲ್ವೇನಿಯಾದ ಹಡಗಿಗೆ ಹೈದರಲಿಯ ಹೆಸರಿಟ್ಟಿದ್ದರು. ಹೈದರ್ ಆಗಿನ್ನೂ ಬದುಕಿದ್ದ. ದೂರದ ಊರಿನ ಪೆಟ್ಟಿಗೆಯಲ್ಲಿ ನಮ್ಮ ಸುದ್ದಿ ಹೀಗೆ ಸಿಗುತ್ತದೆ. ಪುಣೆಯ ಪೇಶ್ವೆ ದಫ್ತರದಿಂದ ಇತಿಹಾಸಕಾರ ಸರದೇಸಾಯಿಯವರು 45 ಸಂಪುಟ ತೆಗೆದರಲ್ಲ, ಅದರಲ್ಲಿ ನಮ್ಮ ಸೀಮೆಯ ಎಷ್ಟು ಮಾತಿದೆಯೋ. ಮರಾಠಿ ಬಲ್ಲವರೊಬ್ಬರು ಕೂತು ನೋಡಬೇಕು.

ಮಧ್ಯಾಹ್ನ ಕಡತದ ಕೊನೆಯ ಮಡಿಕೆ ಓದಿ ಮುಗಿಯಿತು. ಎಂಟನೆಯದರಿಂದ ಶುರುವಾದ ಒಂದು ಅರ್ಜಿಯ ನಕಲು. ವಿಜಯ ಸಂವತ್ಸರದ ಶ್ರಾವಣದ ಮಳೆಗೆ ಹಳ್ಳದ ಕಾಲುಸಂಕ ಕೊಚ್ಚಿಹೋಗಿದೆ. ಆಚೆ ದಡದ ಹನ್ನೊಂದು ಮನೆಯವರಿಗೆ ಈಚೆ ಬರಲು ದಾರಿಯಿಲ್ಲ. ಬಾಣಂತಿಯೊಬ್ಬಳನ್ನು ಹಗ್ಗ ಕಟ್ಟಿ ದಾಟಿಸಬೇಕಾಯಿತು. ಎರಡು ಮರ ಕಡಿಯಲು ಅಪ್ಪಣೆಯಾಗಬೇಕು, ಊರವರೇ ಸಂಕ ಹಾಕಿಕೊಳ್ಳುತ್ತಾರೆ. ಯಾರಿಗೆ ಬರೆದದ್ದೆಂಬ ಸಾಲು ಮಡಿಕೆಯ ಅಂಚಿನಲ್ಲಿತ್ತು, ಅಲ್ಲಿ ಮಸಿಯ ಪದರ ಎದ್ದು ಉದುರಿದೆ.

ಅದರ ಕೆಳಗೆ 'ಇದರ ಜವಾಬು' ಎಂದು ಬರೆದು, ಒಂದು ಗೆರೆ ಎಳೆದು, ಜವಾಬು ಬಂದ ಮೇಲೆ ಇಳಿಸಿಕೊಳ್ಳಲು ಜಾಗ ಬಿಟ್ಟಿದ್ದಾರೆ. ಅಳೆದೆ, ನಾಲ್ಕು ಬೆರಳು. ಬಳಪ ತಾಗಿದ ಗುರುತಿಲ್ಲ, ಮೊದಲು ಬಳಿದ ಮಸಿ ಹಾಗೇ ಹೊಳೆಯುತ್ತಿದೆ.

ಫೋಟೋ ತೆಗೆದು ಪುಟ್ಟಿಗೆ ಕಳಿಸಲು ಹೋದೆ, ಕರೆಂಟಿಲ್ಲ. ನಾಳೆ ಅಮ್ಮನವರ ಮನೆಯ ಮೊಮ್ಮಗ ಬರುತ್ತಾನೆ.